ಇಪ್ಪತ್ತೊಂದನೆಯ ಹೆಸರು

24 ಜೂನ್ 2009, ಬುಧವಾರ

ಇಂದೂ ಬಾಣ ಕೈಗೆ ಸಿಗಲಿಲ್ಲ. ಮೌಸ್ ಮೇಜಿನ ಅಂಚಿಗೆ ಬಂದುಬಿಡುತ್ತದೆ, ಪರದೆಯ ಮೇಲಿನ ಬಾಣ ಮಾತ್ರ ಇನ್ನೂ ಅರ್ಧ ದಾರಿಯಲ್ಲಿ. "ಎತ್ತಿ ಹಿಂದಕ್ಕೆ ಇಟ್ಕೊಳಿ ಮೇಡಂ" ಎಂದ ಚನ್ನೇಶ್. ಎತ್ತಬಹುದು ಎಂದು ಮೊದಲೇ ಹೇಳಬಾರದೇ? ಐದನೇ ಕ್ಲಾಸಿನವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕವು. ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ಮಕ್ಕಳ ಮುಂದೆ ಹೀಗೆ ಪರದಾಡಿದ್ದಿಲ್ಲ. ನನಗೂ ನಗು ಬಂತು, ತೋರಿಸಲಿಲ್ಲ.

ಬೋರೇಪಾಳ್ಯದಂಥ ಊರಿನ ಶಾಲೆಗೆ ಯಾರೋ ಪುಣ್ಯಾತ್ಮರು ಕೊಟ್ಟ ಕಂಪ್ಯೂಟರ್ ಒಂದು, ಫೋನ್ ಲೈನ್ ಒಂದು. ಮೇಷ್ಟ್ರು ಇಬ್ಬರು — ಇನ್‌ಚಾರ್ಜ್ ಹೆಡ್ಡು ನಾನು, ಜೊತೆಗೆ ಈ ಚನ್ನೇಶ್. ಐದು ಕ್ಲಾಸು ಸೇರಿ ಇಪ್ಪತ್ತೊಂದು ಮಕ್ಕಳು. ಇಂಟರ್‌ನೆಟ್ ಬಳಸಿ ಪಾಠ ಮಾಡಿ ಎಂದು ಟ್ರೇನಿಂಗ್‌ನಲ್ಲಿ ಹೇಳಿ ಕಳಿಸಿದ್ದಾರೆ. ಚನ್ನೇಶ್‌ಗೆ ಎಲ್ಲ ಗೊತ್ತು. ನನಗೆ ಕಲಿಸುವಾಗ ಒಂದು ಸಲವೂ ಮುಖ ಸಿಂಡರಿಸುವುದಿಲ್ಲ. ನಾನಾಗಿದ್ದರೆ ಇಷ್ಟು ಹೊತ್ತಿಗೆ ಕಿವಿ ಹಿಂಡುತ್ತಿದ್ದೆ.

ಗುಬ್ಬಿಯಿಂದ ತುಮಕೂರಿನವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಮಂಡಿ ಹಿಡಿದಿದೆ.

2 ಜುಲೈ, ಗುರುವಾರ

ನಾಲ್ಕನೇ ಕ್ಲಾಸ್ ಯಶಸ್ವಿನಿಯ ತಾಯಿ ಗಿರಿಯಮ್ಮ ಬಂದಿದ್ದಳು. ಬೇಸಿಗೆಯಲ್ಲೇ ಊರು ಬಿಟ್ಟು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ರೂಮು ಮಾಡಿದ್ದಾಳೆ. ಅಲ್ಲೊಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಹುಡುಗಿಯನ್ನು ಅಲ್ಲಿನ ಶಾಲೆಗೆ ಸೇರಿಸಬೇಕು, ಟಿಸಿ ಬೇಕು.

"ಟಿಸಿ ಬುಕ್ಕು ಮುಗಿದೋಗಿದೆ ಗಿರಿಯಮ್ಮ. ಹೊಸದು ಬರಲಿ, ಕೊಡ್ತೀನಿ."

"ಹಂಗಾರೆ ಇನ್ನೊಂದ್ ದಪ ಬತ್ತೀನಿ ಬುಡಿ ಮೇಡಂನೋರೆ."

ಬುಕ್ಕು ಮುಗಿದಿಲ್ಲ. ಬೀರುವಿನಲ್ಲಿ, ಎರಡನೇ ಖಾನೆಯಲ್ಲಿದೆ.

ಇಲ್ಲಿಯಾದರೂ ಬರೆದುಬಿಡುತ್ತೇನೆ. ಆಗಸ್ಟ್ 31ಕ್ಕೆ ಇಲಾಖೆಯವರು ಕಂಪ್ಯೂಟರಿನಲ್ಲೇ ಒಂದು ಫಾರಂ ತುಂಬಿಸಿಕೊಂಡು ಮಕ್ಕಳ ಸಂಖ್ಯೆ ನೋಡುತ್ತಾರಂತೆ. ಇಪ್ಪತ್ತೊಂದು ಇದ್ದರೆ ಇಬ್ಬರು ಮೇಷ್ಟ್ರು. ಇಪ್ಪತ್ತಾದರೆ ಒಬ್ಬರೇ — ಚನ್ನೇಶ್ ಹೆಚ್ಚುವರಿ. ಪಾವಗಡದ ಆಚೆ ಎಲ್ಲಿಗಾದರೂ ಹಾಕುತ್ತಾರೆ. ಅವನ ಹೆಂಡತಿಗೆ ಡಿಸೆಂಬರ್‌ನಲ್ಲಿ ಹೆರಿಗೆ, ಗುಬ್ಬಿಯಲ್ಲಿ ನೋಡಿಕೊಳ್ಳಲು ಇವನೊಬ್ಬನೇ. ಅದಕ್ಕೇ ಜೂನ್ ಒಂದರಿಂದ ದಿನವೂ ಯಶಸ್ವಿನಿಗೆ ಹಾಜರಿ ಹಾಕುತ್ತಿದ್ದೇನೆ. ಯಾರೂ ಮಾಡದ್ದೇನಲ್ಲ. ಎರಡು ತಿಂಗಳ ಮಾತು, ಆಮೇಲೆ ಟಿಸಿ ಕೊಟ್ಟರಾಯಿತು.

15 ಜುಲೈ, ಬುಧವಾರ

ನನ್ನ ಮೊದಲ ಇ-ಮೇಲ್!

ಸುಮನಾಗೆ. ಕುಣಿಗಲ್ ಕಡೆಯ ಒಂದು ಶಾಲೆಯ ಟೀಚರ್, ಟ್ರೇನಿಂಗ್‌ನಲ್ಲಿ ನನ್ನ ಪಕ್ಕ ಕೂತಿದ್ದವಳು. ನಮ್ಮ ನಾಲ್ಕು-ಐದನೇ ಕ್ಲಾಸಿನ ಮಕ್ಕಳಿಗೂ ಅವಳ ಮಕ್ಕಳಿಗೂ ಜೋಡಿ ಹಾಕಿ ಕಾಗದ ಬರೆಸೋಣ ಎಂದು ಮಾತಾಗಿತ್ತು. ನಿಮ್ಮ ಮಕ್ಕಳ ಪಟ್ಟಿ ಕಳಿಸಿ ಎಂದಿದ್ದಳು. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತದೆ, ಇದೊಂದು ಸೋಜಿಗ. ಒಂದೊಂದೇ ಕೀ ಹುಡುಕಿ ಒಂಬತ್ತು ಹೆಸರಿಗೆ ಅರ್ಧ ಗಂಟೆ. 'ಸೆಂಡ್' ನಾನೇ ಒತ್ತಿದೆ. ಮಕ್ಕಳು ಚಪ್ಪಾಳೆ ಹೊಡೆದವು.

23 ಜುಲೈ, ಗುರುವಾರ

ಕುಣಿಗಲ್‌ನಿಂದ ಒಂಬತ್ತು ಕಾಗದ ಬಂದವು. ಪರದೆಯ ಮುಂದೆ ಕೂತಿದ್ದ ಮಕ್ಕಳು ಎಂಟು.

ಪೆದ್ದಿ ನಾನು. ಪಟ್ಟಿ ಎಂದರೆ ನನ್ನ ಕೈ ತಾನಾಗಿ ಹಾಜರಿ ಪುಸ್ತಕ ತೆಗೆಯುತ್ತದೆ, ಕ್ರಮಸಂಖ್ಯೆ ಒಂದರಿಂದ ಇಳಿಸುತ್ತದೆ. ಕ್ಲಾಸಿನತ್ತ ಕಣ್ಣೆತ್ತಿ ನೋಡಿ ಬರೆಯಬೇಕು ಎಂದು ಹೊಳೆಯಲೇ ಇಲ್ಲ. ಒಂದೊಂದೇ ಕಾಗದ ಜೋರಾಗಿ ಓದುತ್ತಿದ್ದೆ. "ಪ್ರೀತಿಯ ಯಶಸ್ವಿನಿ..." ಎಂದೆ.

"ಮಿಸ್, ಅವ್ಳು ಬರೋದೇ ಇಲ್ವಲ್ಲ" ಎಂದ ಐದನೇ ಕ್ಲಾಸ್ ಕನಕರಾಜು.

"ಸುಮ್ನೆ ಕೂತ್ಕೊಳೋ" ಎಂದೆ. ಅವನದೇನು ತಪ್ಪು?

ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿಕೊಂಡೆ, ಬಸ್ಸಿನಲ್ಲಿ ಓದಿದೆ. ಹುಡುಗಿಯ ಹೆಸರು ತ್ರಿವೇಣಿ. "ನಮ್ಮಪ್ಪ ಕುದುರೆ ಫಾರಂನಲ್ಲಿ ಹುಲ್ಲು ಹಾಕುತ್ತಾರೆ. ಕುದುರೆ ನಿಂತುಕೊಂಡೇ ನಿದ್ದೆ ಮಾಡುತ್ತದೆ ನಿನಗೆ ಗೊತ್ತಾ? ಈ ಶಾಲೆಗೆ ನಾನು ಹೊಸಬಳು. ನನಗೆ ಯಾರೂ ಫ್ರೆಂಡ್ ಇಲ್ಲ. ನೀನು ಆಗುತ್ತೀಯಾ?"

30 ಜುಲೈ, ಗುರುವಾರ

ಎಂಟು ಮಕ್ಕಳ ಉತ್ತರ ಹೋಯಿತು. ಒಂಬತ್ತನೆಯದಕ್ಕೆ ಏನು ಮಾಡುವುದು? ಆ ಹುಡುಗಿ ಈಗ ನಮ್ಮಲ್ಲಿಲ್ಲ ಎಂದು ಬರೆಯಬೇಕು. ಸುಮನಾ ಒಳ್ಳೆಯವಳೇ, ಆದರೆ ಬಾಯಿ ದೊಡ್ಡದು. ಮುಂದಿನ ಟ್ರೇನಿಂಗ್‌ನಲ್ಲಿ ನಾಲ್ಕು ಜನರ ಮುಂದೆ ಆಡಿಬಿಟ್ಟರೆ?

ಮಧ್ಯಾಹ್ನ ಮಕ್ಕಳು ಊಟಕ್ಕೆ ಕೂತಾಗ ನಾನೇ ಬರೆದೆ. "ಪ್ರೀತಿಯ ತ್ರಿವೇಣಿ, ನಾನು ನಿನ್ನ ಫ್ರೆಂಡ್ ಆಗುತ್ತೇನೆ. ನಮ್ಮ ಮನೆಯಲ್ಲಿ ಒಬ್ಬ ಪುಟ್ಟ ತಮ್ಮ ಇದ್ದಾನೆ..." ಚನ್ನೇಶ್ ಪಕ್ಕದಲ್ಲಿ ಇರಲಿಲ್ಲ. ಬಾಣ ಒಮ್ಮೆಯೂ ತಪ್ಪಿಸಿಕೊಳ್ಳಲಿಲ್ಲ.

7 ಆಗಸ್ಟ್, ಶುಕ್ರವಾರ

ತ್ರಿವೇಣಿಯಿಂದ ವಾರದಲ್ಲಿ ಮೂರು ಕಾಗದ. ಬಿಳಿ ಕುದುರೆ ಮರಿ ಹಾಕಿತಂತೆ. ಮರಿ ಹುಟ್ಟಿದ ಒಂದು ಗಂಟೆಗೆ ಎದ್ದು ನಿಂತಿತಂತೆ. "ಇದನ್ನು ನಿನಗೆ ಮಾತ್ರ ಹೇಳಿದ್ದೇನೆ." ಮೂರಕ್ಕೂ ಉತ್ತರ ಬರೆದೆ. ಈಗ ಕೀ ಹುಡುಕುವುದು ಕಡಿಮೆಯಾಗಿದೆ. ಪಾಠದ ಟಿಪ್ಪಣಿ ಟೈಪ್ ಮಾಡಿದಾಗ ಇಷ್ಟು ಬೇಗ ಕಲಿಯಲಿಲ್ಲ.

ಬೆಳಿಗ್ಗೆ ದೋಸೆ ಹುಯ್ಯುತ್ತಾ ನಗುತ್ತಿದ್ದೆನಂತೆ. "ಏನ್ರೀ ಮೇಡಂ, ಇನ್‌ಕ್ರಿಮೆಂಟ್ ಬಂತಾ?" ಎಂದರು ಇವರು. ಕುದುರೆ ಮರಿ ಹಾಕಿದೆ ಎಂದರೆ ಏನು ತಿಳಿದಾರು?

ಗಿರಿಯಮ್ಮ ಎರಡನೇ ಸಲ ಬಂದಿದ್ದಳು. ಒಂದು ದಿನದ ಕೆಲಸ ಬಿಟ್ಟು. ಬುಕ್ಕು ಇನ್ನೂ ಬಂದಿಲ್ಲ ಎಂದೆ. ಅವಳ ಮುಖ ನೋಡಲಾಗಲಿಲ್ಲ, ಗಂಟೆ ಹೊಡೆಯಲು ಎದ್ದು ಹೋದೆ. ಬೆಲ್ಲಿಗೆ ಇನ್ನೂ ಹತ್ತು ನಿಮಿಷ ಇತ್ತು.

14 ಆಗಸ್ಟ್, ಶುಕ್ರವಾರ

ಕ್ಯಾಮರಾ ಇಟ್ಟು ಮಾತನಾಡುವುದು ಎಂದು ಸುಮನಾ ಮೊನ್ನೆಯೇ ಗೊತ್ತು ಮಾಡಿದ್ದಳು. ಚನ್ನೇಶ್ ಯಾರದೋ ವೆಬ್‌ಕ್ಯಾಮ್ ತಂದ. ಮಕ್ಕಳಿಗೆ ತಲೆ ಬಾಚಿ ಪೌಡರ್ ಹಚ್ಚಿಸಿ ಕೂರಿಸಿದೆ. ಚಿತ್ರ ನಿಂತು ನಿಂತು ಬರುತ್ತಿತ್ತು. ಅತ್ತ ಕಡೆ ಎರಡು ಜಡೆಯ ಹುಡುಗಿಯೊಂದು ಪರದೆಗೆ ಮೂಗು ತಾಗಿಸಿ ಕೇಳಿತು:

"ಯಶಸ್ವಿನಿ ಯಾರು?"

"ಅವಳಿಗೆ ಜ್ವರ ಕಣಮ್ಮ" ಎಂದೆ. ಅಷ್ಟಕ್ಕೆ ಮುಗಿಯಬೇಕಿತ್ತು. ಹಿಂದಿನಿಂದ ಎಂಟೂ ಮಕ್ಕಳು ಒಟ್ಟಿಗೆ — "ಹೂಂ, ಜ್ವರ! ಜಾಸ್ತಿ ಜ್ವರ!"

ನಾನು ಹೇಳಿಕೊಟ್ಟಿರಲಿಲ್ಲ. ಕನಕರಾಜು ನನ್ನ ಕಡೆ ನೋಡಿ ತಲೆ ಆಡಿಸಿದ, ಮಿಸ್ ಹೆದರಬೇಡಿ ಎನ್ನುವ ಹಾಗೆ.

ಮಗ್ಗಿ ಕಲಿಸಿದ್ದೇನೆ, ಕಾಗುಣಿತ ಕಲಿಸಿದ್ದೇನೆ. ಈಗ ಇದನ್ನೂ ಕಲಿಸಿದೆ. ನಾಚಿಕೆಯಾಗುತ್ತಿದೆ.

18 ಆಗಸ್ಟ್, ಮಂಗಳವಾರ

ಬೆಳಿಗ್ಗೆಯೇ ಸುಮನಾ ಫೋನು. "ಮೇಡಂ, ಎಂಥ ಜ್ವರ? ಹಂದಿಜ್ವರ ಅಲ್ಲ ತಾನೇ? ತ್ರಿವೇಣಿ ಊಟಾನೇ ಮಾಡ್ತಿಲ್ಲ ಕಣ್ರೀ." ಪೇಪರ್ ತುಂಬ ಅದೇ ಸುದ್ದಿ. ಜ್ವರ ಎನ್ನುವಾಗ ನನಗೆ ಅದು ನೆನಪಾಗಿರಲಿಲ್ಲ. ಅಲ್ಲ, ಸಾದಾ ಜ್ವರ ಎಂದೆ. ಸುಳ್ಳಿನ ಮೇಲೆ ಇನ್ನೊಂದು.

ಮಧ್ಯಾಹ್ನ ಮೇಲ್ ಬಂತು. "ಯಶಸ್ವಿನಿ, ಟಿವಿಯಲ್ಲಿ ಜ್ವರ ಬಂದು ಜನ ಸತ್ತರು ಅಂತ ತೋರಿಸಿದರು. ನೀನು ಸಾಯಬೇಡ. ಕುದುರೆ ಮರಿಗೆ ನಿನ್ನ ಹೆಸರು ಇಟ್ಟಿದ್ದೇನೆ."

ಮಧ್ಯಾಹ್ನದ ಪಾಠ ಮಾಡಲಾಗಲಿಲ್ಲ. ಮಕ್ಕಳಿಗೆ ಚಿತ್ರ ಬರೆಯಲು ಹೇಳಿ ಕೂತೆ.

19 ಆಗಸ್ಟ್, ಬುಧವಾರ, ಸಂಜೆ

ತುಮಕೂರಿನಲ್ಲೇ ನಮ್ಮ ಮನೆ ಇರುವ ಸದಾಶಿವನಗರದಿಂದ ಉಪ್ಪಾರಹಳ್ಳಿ ಏನು ಮಹಾ ದೂರ? ಇಷ್ಟು ದಿನ ಆ ಕಡೆ ಕಾಲು ಇಟ್ಟಿರಲಿಲ್ಲ. ಹಾಸ್ಟೆಲ್ ವಿಚಾರಿಸಿಕೊಂಡು ಹೋದೆ. ಹಿಂಬದಿಯ ರೂಮಿನ ಮೆಟ್ಟಿಲ ಮೇಲೆ ಯಶಸ್ವಿನಿ, ಸೊಂಟದ ಮೇಲೆ ತಮ್ಮ. ನನ್ನನ್ನು ಕಂಡು ಅವನನ್ನು ಇಳಿಸಿ ಕೈ ಕಟ್ಟಿ ನಿಂತಳು. ಸಣ್ಣಗಾಗಿದ್ದಾಳೆ.

"ಏನ್ ಮಾಡ್ತೀಯಾ ದಿನಾ?"

"ಪಾಪು ನೋಡ್ಕೋತೀನಿ ಮಿಸ್."

"ಮತ್ತೆ?"

"ಅಷ್ಟೇ."

ಪ್ರಿಂಟ್‌ಗಳನ್ನು ಕೊಟ್ಟೆ. ತ್ರಿವೇಣಿಯದನ್ನೆಲ್ಲ ಬೆರಳಿಟ್ಟು ಓದಿದಳು, ಕುದುರೆ ನಿಂತೇ ಮಲಗುವ ಕಡೆ ನಕ್ಕಳು. ಆಮೇಲೆ 'ಅವಳದೇ' ಉತ್ತರಗಳನ್ನು ಓದಿದಳು. ತುಂಬ ಹೊತ್ತು. ಓದು ನಿಧಾನವಾಗಿದೆ, ಒತ್ತಕ್ಷರಕ್ಕೆ ತಡವರಿಸುತ್ತಾಳೆ. ಮಾರ್ಚ್‌ನಲ್ಲಿ ಹೀಗಿರಲಿಲ್ಲ.

"ಮಿಸ್, ಇದು ನಾನ್ ಬರ್ದಿಲ್ಲ."

"ಇಲ್ಲ ಮಗಾ. ನಾನು ಬರ್ದೆ."

"ನಂಗೆ ಹಾಗಲಕಾಯಿ ಇಷ್ಟ ಅಂತ ಬರ್ದಿದೀರ. ನಾನ್ ತಿನ್ನಲ್ಲ." ಕಾಗದ ಮಡಿಸುತ್ತಾ, "ತ್ರಿವೇಣಿ ಇನ್ನೂ ಬರೀತಾಳಾ ಮಿಸ್?"

ಗಿರಿಯಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ನನ್ನ ಕೈಯನ್ನೇ ನೋಡಿದಳು. "ಟಿಸಿ ತಂದ್ರಾ ಮೇಡಂನೋರೆ? ಇಲ್ಲಿ ಇಸ್ಕೂಲ್ನೋರು ಅದಿಲ್ದೆ ಸೇರಸ್ಕಳಲ್ಲ ಅಂದವ್ರೆ. ಎಲ್ಡ್ ದಪ ಓಗಿ ಕೇಳ್ದೆ. ಇವ್ಳು ಕಿಟಕೀಲಿ ನಿಂತು ಬೇರೆ ಮಕ್ಳು ಓಗೋದ್ ನೋಡ್ತಾಳೆ."

ಕಾಫಿ ಕೊಟ್ಟಳು. ಕುಡಿದೆ. ಹೇಗೆ ಕುಡಿದೆನೋ!

ಇಪ್ಪತ್ತೊಂದು ಹೆಸರು ಉಳಿಸಲು ಒಂದು ಮಗುವನ್ನು ಯಾವ ಶಾಲೆಯೂ ಇಲ್ಲದ ಹಾಗೆ ಮಾಡಿದ್ದೇನೆ. ಪುಸ್ತಕದಲ್ಲಿ ಅವಳು ದಿನವೂ ಹಾಜರು.

26 ಆಗಸ್ಟ್, ಬುಧವಾರ

ಒಂದು ವಾರ ಏನೂ ಬರೆಯಲಿಲ್ಲ. ಯಶಸ್ವಿನಿಗೆ ಟಿಸಿ ಕೊಟ್ಟು ಹೆಸರು ತೆಗೆಯುತ್ತೇನೆ ಎಂದು ಚನ್ನೇಶ್‌ಗೆ ಹೇಗೆ ಹೇಳುವುದು, ಗೌರಿ-ಗಣೇಶನ ಹಬ್ಬದಲ್ಲೂ ಅದೇ ಯೋಚನೆ. ಇಂದು ಹೇಳಿದೆ.

ಸ್ವಲ್ಪ ಹೊತ್ತು ಕಂಪ್ಯೂಟರ್ ಮೇಲಿನ ಧೂಳು ಒರೆಸಿದ. ಆಮೇಲೆ, "ಐದೇ ದಿನ ಮೇಡಂ. ಮೂವತ್ತೊಂದು ಕಳೀಲಿ. ಸೆಪ್ಟೆಂಬರ್ ಒಂದಕ್ಕೆ ನಾನೇ ತಗೊಂಡೋಗಿ ಟಿಸಿ ಕೊಟ್ಟು ಬರ್ತೀನಿ. ಮಗು ಹುಟ್ಟೋವರ್ಗಾದ್ರೂ ಇಲ್ಲಿರ್ತೀನಿ."

ನ್ಯಾಯವಾದ ಮಾತೇ. ಎರಡು ತಿಂಗಳು ತಡೆದವಳಿಗೆ ಐದು ದಿನ ಏನು ಹೆಚ್ಚು?

"ಮೂವತ್ತೊಂದಕ್ಕೆ ಆ ಫಾರಂನಲ್ಲಿ ಇಪ್ಪತ್ತೊಂದು ಅಂತ ಹೊಡೀಬೇಕಲ್ಲ ಮೇಷ್ಟ್ರೇ. ಮಕ್ಕಳು ಪಕ್ಕದಲ್ಲೇ ಇರ್ತಾವೆ. ಕನಕರಾಜು ಎಣಿಸ್ತಾನೆ."

ಅವನು ಬೆಲ್ಲು ಹೊಡೆದು ಎರಡನೇ ಕ್ಲಾಸಿಗೆ ಹೋದ. ಪಾಪ, ದಿನಕ್ಕಿಂತ ಜೋರಾಗಿಯೇ ಮಗ್ಗಿ ಹೇಳಿಸಿದ.

29 ಆಗಸ್ಟ್, ಶನಿವಾರ

ಬೀರು ತೆಗೆದೆ. ಹೆಸರು, ತಂದೆ, ತಾಯಿ, ಹುಟ್ಟಿದ ದಿನ — ಇವೆಲ್ಲ ಸಲೀಸು. ನಂತರದ ಕಾಲಂ: 'ಕೊನೆಯದಾಗಿ ಶಾಲೆಗೆ ಹಾಜರಾದ ದಿನಾಂಕ'. ಹಾಜರಿ ಪುಸ್ತಕದ ಪ್ರಕಾರ ನಿನ್ನೆ. ನಿಜವಾಗಿ ಏಪ್ರಿಲ್ 9. ನಿನ್ನೆಯದು ಹಾಕಿದರೆ ನನಗೇನೂ ಇಲ್ಲ. ಏಪ್ರಿಲ್ ಹಾಕಿದರೆ ಯಾರಾದರೂ ಪುಸ್ತಕ ತೆರೆದ ದಿನ ನನಗೆ ನೋಟಿಸ್.

9-4-2009 ಎಂದು ಬರೆದೆ. ಸುಳ್ಳು ಸಾಕಾಗಿದೆ. ಬಸವಲಿಂಗಮ್ಮ ಎಂದು ಸಹಿ ಹಾಕಿ ಸೀಲು ಒತ್ತಿದೆ. ಸಂಜೆ ಉಪ್ಪಾರಹಳ್ಳಿಗೆ ಹೋಗಿ ಗಿರಿಯಮ್ಮನ ಕೈಗೇ ಕೊಟ್ಟೆ. ಬುಕ್ಕು ಜುಲೈನಲ್ಲೂ ಇತ್ತು ಎಂದು ಹೇಳಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಈಗ್ಲಾರಾ ಕೊಟ್ರಲ್ಲ" ಎಂದಳು.

31 ಆಗಸ್ಟ್, ಸೋಮವಾರ

ಬೆಳಿಗ್ಗೆ ಯಶಸ್ವಿನಿ ಹೊಸ ಶಾಲೆಗೆ ಸೇರಿದಳೆಂದು ಹಾಸ್ಟೆಲಿನಿಂದ ಫೋನ್ ಮಾಡಿಸಿದ್ದರು.

ಹನ್ನೊಂದಕ್ಕೆ ಫಾರಂ ತೆರೆದೆ. ಇಷ್ಟು ದಿನ ಇಂಥದ್ದೆಲ್ಲ ಚನ್ನೇಶ್ ತುಂಬುತ್ತಿದ್ದ. ಇವತ್ತು ಅವನನ್ನು ಕರೆಯಲು ಬಾಯಿ ಬರಲಿಲ್ಲ. ಒಟ್ಟು ಮಕ್ಕಳು — 20 ಎಂದು ಹೊಡೆದೆ. ಫಾರಂ ಮುಂದಕ್ಕೆ ಹೋಗಲೊಲ್ಲದು. ಕೆಂಪಗೆ ಏನೋ ಬಂತು. ಎರಡು ಸಲ, ಮೂರು ಸಲ. ಕೊನೆಗೆ ಅವನೇ ಎದ್ದು ಬಂದ.

"ಗಂಡು-ಹೆಣ್ಣು ಬೇರೆ ಬೇರೆ ಹಾಕ್ಬೇಕು ಮೇಡಂ. ಹೆಣ್ಣು ಒಂಬತ್ತು ಅಂತಾನೇ ಇದೆ. ಎಂಟು ಮಾಡಿ."

ಮಾಡಿದೆ.

"ಈಗ ಸಬ್ಮಿಟ್ ಒತ್ತಿ."

ಒತ್ತಿದೆ. ಅವನು ಪರದೆಯನ್ನೇ ನೋಡುತ್ತಾ ನಿಂತಿದ್ದ. "ಕಲ್ತ್‌ಬಿಟ್ರಿ ಮೇಡಂ, ಇನ್ನು ನಾನ್ ಇಲ್ದಿದ್ರೂ ಆಗುತ್ತೆ" ಎಂದು ಹೊರಗೆ ಹೋದ. ನಾನು ಕಣ್ಣು ಒರೆಸಿಕೊಂಡೆ. ಕನಕರಾಜು ನೋಡಿದ, ನೋಡಲಿ.

ಮಧ್ಯಾಹ್ನ, ತ್ರಿವೇಣಿಗೆ. ಮೊದಲು ಇಲ್ಲಿ ಬರೆದು ನೋಡಿ ಆಮೇಲೆ ಟೈಪ್ ಮಾಡುತ್ತೇನೆ.

"ತ್ರಿವೇಣಿ, ಯಶಸ್ವಿನಿಗೆ ಜ್ವರ ಬಂದಿರಲಿಲ್ಲ. ಚೆನ್ನಾಗಿದ್ದಾಳೆ. ಅವಳ ಹೊಸ ಶಾಲೆಯ ವಿಳಾಸ ಕೆಳಗೆ ಇದೆ, ಅವಳು ನಿನ್ನ ಕಾಗದಕ್ಕೆ ಕಾಯುತ್ತಾಳೆ. ಅವಳಿಗೆ ಹಾಗಲಕಾಯಿ ಇಷ್ಟ ಇಲ್ಲ. ಇಷ್ಟು ದಿನ ನಿನಗೆ ಬರೆದದ್ದು ಅವಳಲ್ಲ, ನಾನು. ಅವಳ ಮಿಸ್. ನನಗೆ ಐವತ್ತೆರಡು ವರ್ಷ. ನಾನು ಮಾಡಿದ್ದು ತಪ್ಪು. ಆದರೆ ಕುದುರೆ ಮರಿಯ ವಿಷಯ ನೀನು ಬರೆದಾಗ ನನಗೆ ನಿಜವಾಗಿಯೂ ಖುಷಿಯಾಗಿತ್ತು. ಅದೊಂದು ಸುಳ್ಳಲ್ಲ."