ಮೋಟಾರಿನ ಹಿಂದಿನ ಪಾಲು

ಅಕಿವಾಟ, ಚೈತ್ರ ಮಾಸ, 1946

ತಮ್ಮ ಭೀಮಗೊಂಡಗೆ,

ನಮ್ಮಿಬ್ಬರ ಪಾಲಿನ ಸಂಗತಿಯನ್ನು ಮೊದಲ ಸಲ ಕಥೆ ಮಾಡಿ ಹೇಳಿದವಳು ನಮ್ಮ ಮಗ್ಗುಲಮನೆಯ ಸಾವಿತ್ರವ್ವ. ಹೇಳಿದ್ದು ಮೊನ್ನೆ ಸೋಮವಾರ ಮಧ್ಯಾಹ್ನ, ನನ್ನದೇ ಪಡಸಾಲೆಯಲ್ಲಿ, ನನ್ನ ಮಗಳು ಬಾಳವ್ವನ ಮದುವೆಗೆ ಓಣಿಯ ಹೆಂಗಸರೆಲ್ಲ ಕೂಡಿ ಶಾವಿಗೆ ಹೊಸೆಯುತ್ತಿದ್ದಾಗ. ನಾನು ಒಳಕೋಣೆಯಲ್ಲಿ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ.

"ಒಂದೂರಾಗ ಒಬ್ಬ ಗೌಡಗ ಇಬ್ಬರ ಮಕ್ಕಳಿದ್ರವಾ. ದೊಡ್ಡಾಂವಗ ತಲಿ ಸಿಕ್ತು, ಸಣ್ಣಾಂವಗ ಬಾಲ ಸಿಕ್ತು," ಎಂದು ಶುರುಮಾಡಿದಳು. ಹೆಂಗಸರು ಅಷ್ಟಕ್ಕೇ ನಗತೊಡಗಿದರು. ನೋಡು ತಮ್ಮಾ, ಕಥೆಯಲ್ಲಿಯೂ ನಿನಗೇ ಒಳ್ಳೆಯ ಮೂಗು, ಒಳ್ಳೆಯ ಮೈಬಣ್ಣ. ನನಗೆ ಒಂದು ದೊಡ್ಡ ಹೊಟ್ಟೆ ಕೊಟ್ಟು ಕೂರಿಸಿಬಿಟ್ಟಳು. ಕಥೆಯೊಳಗೂ ನೀನು ನನಗಿಂತ ಮುಂದೆಯೇ.

ಅಪ್ಪ ಆ ಮೋಟಾರನ್ನು ಕೊಲ್ಹಾಪುರದ ಸರದಾರರೊಬ್ಬರ ಕುದುರೆ ಲಾಯದಿಂದ ಹೊಡೆಸಿಕೊಂಡು ಬಂದ ದಿನ ನಿನಗೆ ನೆನಪಿರಬೇಕು. ಆಗಲೇ ಅದು ಮುದಿ. ಆದರೂ ಹಿತ್ತಾಳೆಯ ದೀಪಗಳು ಹೊಳೆಯುತ್ತಿದ್ದವು. ರಬ್ಬರಿನ ಗುಂಡನ್ನು ಅಮುಕಿದರೆ ಹಾರ್ನು ಮಳೆಗಾಲದ ಕಪ್ಪೆಯ ಹಾಗೆ ಕೂಗುತ್ತಿತ್ತು. ಡ್ರೈವರನ ಹೊರತು ಅದನ್ನು ಮುಟ್ಟಲು ಅಪ್ಪ ಯಾರಿಗೂ ಬಿಡಲಿಲ್ಲ. ಯುದ್ಧ ಬಂತು, ಪೆಟ್ರೋಲು ಕಾಣದಾಯಿತು, ಡ್ರೈವರು ಫೌಜಿಗೆ ಸೇರಿದ, ಅಪ್ಪ ತೀರಿಕೊಂಡ. ಮೋಟಾರು ಬೇವಿನ ಮರದ ಕೆಳಗೆ ತುಕ್ಕು ಹಿಡಿಯುತ್ತ ನಿಂತಿತು. ಅದರ ತಳ ಉದುರಿಹೋಗಿ ಹುಲ್ಲು ಒಳಗೇ ಬೆಳೆಯಿತು.

ಆಮೇಲೆ ನಾವು ಬೇರೆಯಾದೆವು. ಹೊಲ ಆಯಿತು, ಎತ್ತು ಆಯಿತು, ಹಂಡೆ ಕೊಪ್ಪರಿಗೆ ಆಯಿತು. ಮೋಟಾರು ಮಾತ್ರ ಒಂದೇ. ಅದನ್ನು ಮಾರಲು ನಾನೂ ಒಪ್ಪಲಿಲ್ಲ, ನೀನೂ ಒಪ್ಪಲಿಲ್ಲ. ಹಿರಿಯರಾದ ಅಣ್ಣಾಸಾಹೇಬರು ನಮ್ಮ ಕಡೆಯ ಪದ್ಧತಿಯನ್ನೇ ಹೇಳಿದರು: "ದೊಡ್ಡಾಂವ ಪಾಲ ಮಾಡಬೇಕು, ಸಣ್ಣಾಂವ ಮೊದಲ ಆರಿಸಬೇಕು. ಹೊಲಕ್ಕೊಂದು ನ್ಯಾಯ, ಮೋಟಾರಕ್ಕೊಂದು ನ್ಯಾಯ ಏನು?" ನಾನು ಸುಣ್ಣದ ನೀರಿನಲ್ಲಿ ಹಗ್ಗ ಅದ್ದಿ, ಡ್ರೈವರನ ಸೀಟಿನ ಹಿಂದೆ ಅಡ್ಡ ಗೆರೆ ಹೊಡೆದೆ. ನೀನು ಒಂದು ಗಳಿಗೆಯೂ ಯೋಚಿಸದೆ ಹೋಗಿ ಹಿಂದಿನ ಬಾಗಿಲ ಮೇಲೆ ಕೈಯಿಟ್ಟೆ. "ನನಗ ಇದು ಇರಲಿ ಅಣ್ಣಾ," ಎಂದೆ. ಊರೇ ನಕ್ಕಿತು. ಇಂಜಿನು, ಡ್ರೈವರು ಹಿಡಿದು ತಿರುಗಿಸುವ ಚಕ್ರ, ದೀಪ, ಹಾರ್ನು ಎಲ್ಲ ನನ್ನದಾಗಿತ್ತು. ಆ ದಿನ ನನ್ನ ಮೀಸೆ ಹಿಡಿದರೂ ನಿಲ್ಲಲಿಲ್ಲ.

ಇಚಲಕರಂಜಿಯ ಕಮ್ಮಾರ ಹಣಮಪ್ಪ ಗರಗಸ ಹಿಡಿದು ಬಂದ. ಕೊಯ್ಯುತ್ತ ಕೊಯ್ಯುತ್ತ ತಳದಲ್ಲಿ ಒಂದು ದಪ್ಪ ಸರಳು ಸಿಕ್ಕಿತು. "ಗೌಡ್ರ, ಇದು ಮುಂದಿಂದ ಹಿಂದಿನ ತನಕ ಹೋಗೈತ್ರಿ. ಎದಕ್ಕರ ಇರಬೇಕ್ರಿ," ಎಂದ. "ಗೆರಿ ದಾಟಿದ್ದಕ್ಕ ಮಾಫಿ ಇಲ್ಲ, ಕೊಯ್ಯಿ," ಎಂದೆ. ಎತ್ತು ಎಳೆಯುವುದು ಮುಂದಿನಿಂದ. ಇಂಜಿನೂ ಮುಂದೆಯೇ ಇದೆ. ಇನ್ನೇನು ಬೇಕು ಎಂದು ನಾನಷ್ಟೇ ಅಲ್ಲ, ಅಣ್ಣಾಸಾಹೇಬರೂ ತಿಳಿದಿದ್ದರು. ನನ್ನ ಅರ್ಧದ ಹಿಂದೆ ಹಳೆಯ ಚಕ್ಕಡಿಯ ಅಚ್ಚು, ಗಾಲಿ ಕಟ್ಟಿಸಿ, ಎಲ್ಲಿಂದಲೋ ಪೆಟ್ರೋಲು ತಂದು, ಊರವರನ್ನೆಲ್ಲ ಕರೆದು ಹ್ಯಾಂಡಲು ತಿರುಗಿಸಿದೆ. ಇಂಜಿನು ಗುಡುಗಿತು. ಕೋಳಿಗಳು ಮಾಳಿಗೆ ಹತ್ತಿದವು. ಗಾಡಿ ಒಂದು ಗೇಣೂ ಅಲುಗಲಿಲ್ಲ. ಅಣ್ಣಾಸಾಹೇಬರು ಬಹಳ ಹೊತ್ತು ನೋಡಿ, "ಬಸಗೊಂಡಾ, ಬಾರಕೋಲ ತೋರಿಸಿ ನೋಡೋ," ಎಂದರು. ನೂಕುವ ಗಾಲಿ ಹಿಂದಿನವು, ಆ ಸರಳೇ ಅವನ್ನು ತಿರುಗಿಸುತ್ತಿತ್ತು ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನೀನು ಅವ್ವನನ್ನು ಕರೆದುಕೊಂಡು ಇಚಲಕರಂಜಿಯಲ್ಲಿ ಮನೆ ಮಾಡಿ, ಅವನ್ನೂ ಅಲ್ಲಿಗೆ ಎಳೆದುಕೊಂಡು ಹೋಗಿದ್ದೆ.

ಅಲ್ಲಿ ನೀನು ಏನೇನು ಮಾಡಿದೆ ಎಂಬುದನ್ನು ಹೋದವರು ಬಂದವರು ನನಗೆ ಬಿಡದೆ ಹೇಳಿದರು. ಉದುರಿದ ತಳ ಕಿತ್ತು ಜಾಲಿಯ ಹಲಗೆ ಬಡಿಸಿದೆಯಂತೆ. ಕೊಯ್ದ ಬಾಯಿಗೆ ಸಾಗವಾನಿ ಹಲಗೆ ಮುಚ್ಚಿದೆಯಂತೆ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ಓಡುವ ಅಲ್ಲಿಯ ಪಾರೀಸ ಶೆಟ್ಟರ ಮೋಟಾರಿನ ಹಿಂದೆ ನಿನ್ನ ಅರ್ಧವನ್ನು ಮೊದಲ ಸಲ ಬರೀ ಹಗ್ಗದಿಂದ ಕಟ್ಟಿದಾಗ, ಇಳಿಜಾರಿನಲ್ಲಿ ಅದು ಓಡಿಬಂದು ಶೆಟ್ಟರ ಮೋಟಾರಿಗೇ ಗುದ್ದಿತಂತೆ. ಆ ಸುದ್ದಿ ಕೇಳಿದ ದಿನ ನಾನು ಎರಡು ರೊಟ್ಟಿ ಹೆಚ್ಚು ಉಂಡೆ. ಆದರೆ ನೀನು ಸುಮ್ಮನಿರುವವನಲ್ಲ. ಚಕ್ಕಡಿಯಲ್ಲಿ ನೊಗ ಕಟ್ಟುವ ಮೂಕಿಯ ಹಾಗೆ ಎರಡು ಕಬ್ಬಿಣದ ಪಟ್ಟಿಗಳನ್ನು ತುದಿಯಲ್ಲಿ ಕೂಡಿಸಿ, ಬಳೆ ಬೆಸೆದು, ಕೊಂಡಿ ಹಾಕಿ, ಮೇಲೊಂದು ಸರಪಳಿ ಕಟ್ಟಿಸಿದೆ. ಈಗ ಇಚಲಕರಂಜಿಯ ಸೀರೆ ಗಂಟುಗಳು ಗಡಹಿಂಗ್ಲಜದ ಸಂತೆಗೆ ನಿನ್ನ ಗಾಡಿಯಲ್ಲೇ ಹೋಗಬೇಕು. ಲಗ್ನವಿದ್ದ ಮನೆಯವರೆಲ್ಲ ನಿನ್ನ ಬಾಗಿಲಿಗೇ ಬರಬೇಕು. ನನ್ನ ಇಂಜಿನಿನ ಮೇಲೆ ಕೋಳಿ ಮಲಗುತ್ತದೆ.

ಇದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಒಂದಿದೆ. ಹೋದ ಸುಗ್ಗಿಯಲ್ಲಿ ಆ ಗಾಡಿ ನಮ್ಮ ಮನೆಯ ಮುಂದೆಯೇ ಹಾದುಹೋಯಿತು. ಹಿಂದಿನ ಸೀಟನ್ನು ನೀನು ತೆಗೆದಿರಲಿಲ್ಲ. ಸೀರೆ ಗಂಟುಗಳ ಹಿಂದೆ, ಬಲಗಡೆಯ ಬಾಗಿಲ ಪಕ್ಕ, ಅಪ್ಪನ ಕಾಲದಲ್ಲಿ ತಾನು ಕೂರುತ್ತಿದ್ದ ಅದೇ ಜಾಗದಲ್ಲಿ, ಅವ್ವ ಎಲೆ ಅಗಿಯುತ್ತ ಕೂತಿದ್ದಳು. "ಏ ಬಸ್ಯಾ, ಉಂಡಿ ಏನೋ?" ಎಂದು ಕೂಗಿದಳು. "ಉಂಡೇನಿ," ಎಂದೆ. ಉಂಡಿರಲಿಲ್ಲ. ನಿಮ್ಮ ಗಾಡಿಯ ಧೂಳು ಬಂದು ನನ್ನ ದೀಪಗಳ ಮೇಲೆ ಕೂತಿತು. ನಾನು ಅದನ್ನು ಒರೆಸಲಿಲ್ಲ.

ಈಗ ಬಾಳವ್ವನ ಹಟ ಕೇಳು. ಗಡಹಿಂಗ್ಲಜದ ಗಂಡನ ಮನೆಗೆ ಅವಳನ್ನು ಕಳಿಸಲು ನಾನು ಚಕ್ಕಡಿಗೆ ಹೊಸ ಕಮಾನು ಕಟ್ಟಿಸಿದ್ದೇನೆ, ಎತ್ತಿನ ಕೊಂಬಿಗೆ ಬಣ್ಣ ತಂದಿಟ್ಟಿದ್ದೇನೆ. ಅವಳು, "ಅಪ್ಪಾ, ನಾ ಹೋದ್ರ ಕಾಕಾನ ಗಾಡ್ಯಾಗ ಅಜ್ಜಿ ಮಗ್ಗಲ ಕುಂತ ಹೋಗಾಕಿ. ಇಲ್ಲಂದ್ರ ಹೋಗಾಕೇನ ಇಲ್ಲ," ಎಂದುಬಿಟ್ಟಳು. ನನ್ನ ಮಗಳಿಗೂ ನಿನ್ನ ಅರ್ಧವೇ ಬೇಕು! ನಿನ್ನನ್ನು ಕೇಳುವುದಿಲ್ಲ ಎಂದೆ. ಅಂದಿನಿಂದ ನನ್ನ ಸಂಗಡ ಅವಳ ಮಾತು ನಿಂತಿದೆ.

ಇನ್ನು ಸೋಮವಾರದ ಕಥೆಗೆ ಬರುತ್ತೇನೆ. ಶಾವಿಗೆ ಹೊಸೆಯುವವರಲ್ಲಿ ಯಾರೋ ಒಬ್ಬಳು, "ಸಣ್ಣಾಂವ ಭಾಳ ಶ್ಯಾಣ್ಯಾ ಬಿಡ್ರಿ, ಗಾಲಿ ಗುಟ್ಟು ಅವಗ ಮೊದಲ ಗೊತ್ತಿತ್ತು," ಎಂದಳು. ನಾನೂ ಇಷ್ಟು ದಿನ ಹಾಗೆಯೇ ಅಂದುಕೊಂಡು ನಿನ್ನನ್ನು ಬೈದಿದ್ದೇನೆ. ಸಾವಿತ್ರವ್ವ, "ಶ್ಯಾಣ್ಯಾತನ ಎಲ್ಲಿದವಾ ಅವಗ! ಅವ್ವ ಕುಂಡ್ರೂ ಜಾಗಾ ಹಿಂದ ಇತ್ತು. ಅಷ್ಟ ಕಂಡ ಕೈಯಿಟ್ಟ. ಅವರವ್ವ ತಾನ ನನ್ನ ಮುಂದ ಹೇಳ್ಯಾಳ," ಎಂದಳು.

ನಾನು ಹಾಸಿಗೆಯಲ್ಲಿ ಎದ್ದು ಕೂತೆ. ನೀನು ಲೆಕ್ಕ ಹಾಕಿ ಗೆದ್ದಿದ್ದರೆ ತಡೆದುಕೊಳ್ಳುತ್ತಿದ್ದೆ ತಮ್ಮಾ. ನಿನ್ನ ಗಾಲಿ, ನಿನ್ನ ಕೊಂಡಿ, ನಿನ್ನ ಹೆಸರು, ಎಲ್ಲದರ ಮೇಲಿನ ಹೊಟ್ಟೆಕಿಚ್ಚು ಒಂದು ಕಡೆ. ಊರೆಲ್ಲ ಇಂಜಿನು ನೋಡುತ್ತಿದ್ದ ಹೊತ್ತಿನಲ್ಲಿ ನಿನ್ನೊಬ್ಬನಿಗೆ ಆ ಸೀಟು ಕಂಡಿತಲ್ಲ, ಅದರ ಮೇಲಿನದು ಇನ್ನೊಂದು ಕಡೆ. ಇದು ಆರುವಂಥದ್ದಲ್ಲ. ಸಾಯುವ ತನಕ ಇದ್ದರೂ ಇರಲಿ, ನನ್ನದು ನಾನು ಸಾಕಿಕೊಳ್ಳುತ್ತೇನೆ.

"ಆಮ್ಯಾಲೆ ಏನಾತು?" ಎಂದು ಹೆಂಗಸರು ಕೇಳಿದರು. ಸಾವಿತ್ರವ್ವ ನನ್ನ ಕೋಣೆಯ ಕಡೆ ದನಿ ಏರಿಸಿ, "ಅದನ್ನ ಒಳಗ ಮಲಗಿದ್ದಾಂವ ಹೇಳಬೇಕು!" ಎಂದಳು. ನಾನು ಬಾಗಿಲಿಗೆ ಬಂದೆ. "ಬರೀತೇನಿ, ಗಾಡಿ ತರಿಸ್ತೇನಿ," ಎಂದೆ. ಬಾಳವ್ವನ ಕೈಯಲ್ಲಿದ್ದ ಶಾವಿಗೆಯ ಎಳೆ ತುಂಡಾಯಿತು.

ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷಯ ತದಿಗೆಯ ದಿನ ಮದುವೆಗೆ ಅವ್ವನನ್ನು ಅದೇ ಜಾಗದಲ್ಲಿ ಕೂರಿಸಿಕೊಂಡು ಬಾ. ಬಂದವನು ನಿನ್ನ ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಬೇಡ. ಬೇವಿನ ಮರದ ಕೆಳಗೆ ನನ್ನದರ ಹಿಂದೆ, ಗೆರೆಗೆ ಗೆರೆ ತಾಗಿಸಿ ನಿಲ್ಲಿಸು. ಅಕ್ಕಿಕಾಳು ಬೀಳುವ ತನಕ ಅದು ಹಾಗೆಯೇ ಇರಲಿ. ಆಮೇಲೆ ಶೆಟ್ಟರ ಮೋಟಾರಿಗೆ ಕಟ್ಟಿಕೊಂಡು ನನ್ನ ಮಗಳನ್ನು ಗಡಹಿಂಗ್ಲಜಕ್ಕೆ ಮುಟ್ಟಿಸು. ನಾನು ಇಲ್ಲೇ ನನ್ನ ಅರ್ಧದಲ್ಲಿ ಕೂತು, ನೀವು ಊರು ದಾಟುವ ತನಕ ಹಾರ್ನು ಬಾರಿಸುತ್ತಿರುತ್ತೇನೆ. ನಿನ್ನಲ್ಲಿ ಹಾರ್ನು ಇಲ್ಲವಲ್ಲ.

ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು ಎಂದು ಹೇಳಿ ಮುಗಿಸುತ್ತೇನೆ. ಸಾವಿತ್ರವ್ವ ಮುಂದಾಗಿ ಎಲ್ಲರೂ ಬಂದು ನನ್ನ ಮೋಟಾರಿನಿಂದ ಕೋಳಿಗಳನ್ನು ಓಡಿಸಿದರು. ಹುಣಸೆಹಣ್ಣು, ಬೂದಿ ಹಚ್ಚಿ ದೀಪಗಳನ್ನು ತಿಕ್ಕಿದರು; ನಿಮ್ಮ ಗಾಡಿಯ ಆ ಧೂಳೂ ಹೋಯಿತು. ಬಾಳವ್ವ ಮರದ ಸುತ್ತ ಸೆಗಣಿ ಸಾರಿಸಿ ರಂಗೋಲಿ ಬರೆದಳು. ನನ್ನ ಅರ್ಧದ ಹಿಂದೆ ಮಾತ್ರ, ನಿನ್ನ ಗಾಡಿ ಹಿಡಿಸುವಷ್ಟು ನೆಲವನ್ನು, ಹಾಗೆಯೇ ಬಿಟ್ಟಿದ್ದಾಳೆ.

ನಿನ್ನ ಕೊಂಡಿ ಕಳಚದಿರಲಿ, ಗಾಲಿ ಸವೆಯದಿರಲಿ. ಅವ್ವನಿಗೆ ಹೇಳು, ನಾನು ಇವತ್ತು ಉಂಡಿದ್ದೇನೆ.

ನಿನ್ನ ಮೇಲೆ ಕಿಚ್ಚೂ ಅಕ್ಕರೆಯೂ ಆರದ
ಅಣ್ಣ, ಬಸಗೊಂಡ