ಹತ್ತು ಬಂಗಾರಿ ಎಣಿಸುವಷ್ಟು ಹೊತ್ತು

ನವೆಂಬರ್ 9, ಭಾನುವಾರ ಬೆಳಗ್ಗೆ
ಹಾಸ್ಟೆಲ್, ರೂಮ್ ನಂಬರ್ 14

ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ನನಗೆ ಏನೂ ಆಗಿಲ್ಲ. ಚೆನ್ನಾಗಿದ್ದೇನೆ. ಇಷ್ಟು ಓದಿ ಕೂತುಕೋ, ನೀರು ಕುಡಿ, ಆಮೇಲೆ ಮುಂದೆ ಓದು. ಫೋನ್ ಮಾಡಬಹುದಿತ್ತು. ಆದರೆ ನಾನು ಹಲೋ ಅನ್ನುವಷ್ಟರಲ್ಲಿ ನೀನು ‘ದನಿ ಯಾಕೆ ಹಾಗಿದೆ’ ಅಂತ ಶುರು ಮಾಡುತ್ತೀಯ, ನಾನು ಅತ್ತುಬಿಡುತ್ತೇನೆ, ವಿಷಯ ಅಲ್ಲೇ ನಿಲ್ಲುತ್ತದೆ. ಎಂಟನೇ ವಯಸ್ಸಿನಿಂದ ಸ್ಕೂಲ್ ಹಾಸ್ಟೆಲಿನವರು ಭಾನುವಾರಕ್ಕೊಂದು ಪತ್ರ ಬರೆಸಿ ಬರೆಸಿ, ನನಗೆ ನಿಜ ಹೇಳಲು ಪೇಪರೇ ಬೇಕು ಅನ್ನುವ ಹಾಗಾಗಿದೆ. ಸುಳ್ಳು ಹೇಳಲಿಕ್ಕೂ. ಅದು ಆಮೇಲೆ. ಒತ್ತಕ್ಷರ ತಪ್ಪಿದ್ದರೆ ನಗಬೇಡ. ದಿನವೆಲ್ಲ ಇಂಗ್ಲಿಷಿನಲ್ಲೇ ಕಳೆಯುವವಳು, ನಿನಗೆ ಬರೆಯುವಾಗ ಮಾತ್ರ ಕೈಗೆ ಕನ್ನಡ ಬರುತ್ತದೆ.

ವಿಷಯ ಏನೆಂದರೆ, ನನ್ನ ಅಲರ್ಜಿಯ ಇಂಜೆಕ್ಷನ್ ಪೆನ್ ಖರ್ಚಾಯಿತು. ನನಗಲ್ಲ, ಒಂದು ಮಗುವಿಗೆ.

ನಿನ್ನೆ ಸಂಜೆ ನಮ್ಮ ಲ್ಯಾಬ್ ಮೇಡಂ ಫಸ್ಟ್ ಇಯರಿನವರನ್ನೆಲ್ಲ ಮನೆಗೆ ಟೀಗೆ ಕರೆದಿದ್ದರು. ಹದಿನಾಲ್ಕು ಜನ. ಕುರ್ಚಿ ಸಾಲದೆ ಬಾಲ್ಕನಿಯ ಪ್ಲಾಸ್ಟಿಕ್ ಸ್ಟೂಲೂ ಒಳಗೆ ಬಂದಿತ್ತು. ಉಳಿದವರೆಲ್ಲ ಇಬ್ಬರು, ಮೂವರು ಅಂತ ಗುಂಪಾಗಿ ಕೂತರು. ನನಗೆ ಸಿಕ್ಕಿದ್ದು ಫ್ರಿಜ್ಜಿನ ಪಕ್ಕದ ಆ ಸ್ಟೂಲು. ಫ್ರಿಜ್ಜಾದರೂ ಆಗಾಗ ಗುಂಯ್ ಅಂತ ನನ್ನನ್ನು ಮಾತಾಡಿಸುತ್ತಿತ್ತು.

ಮೇಡಂಗೆ ಐದು ವರ್ಷದ ಮಗಳಿದ್ದಾಳೆ. ಮನೆಯಲ್ಲಿ ಅವಳ ಹೆಸರು ಇನ್ಸ್‌ಪೆಕ್ಟರ್. ಒಂದು ಮೋಟು ಪೆನ್ಸಿಲ್, ಒಂದು ಹಳೇ ಡೈರಿ ಹಿಡಿದು ಬಂದವರನ್ನೆಲ್ಲ ವಿಚಾರಣೆ ಮಾಡುತ್ತಿದ್ದಳು. ನನ್ನ ಹತ್ತಿರ ಬಂದು, “ನಿನ್ ಜೊತೆ ಯಾರ್ ಬಂದಿದಾರೆ?” ಅಂದಳು. ಯಾರೂ ಇಲ್ಲ ಅಂದೆ. “ಯಾಕಿಲ್ಲ?” ಅಂದಳು. ವೈವಾ ಪರೀಕ್ಷೆಯಲ್ಲೂ ನಾನು ಅಷ್ಟು ಬೆವರಿರಲಿಲ್ಲ. ಉತ್ತರಕ್ಕೆ ಕಾದು ಕಾದು, ಡೈರಿಯಲ್ಲಿ ಒಂದು ದೊಡ್ಡ ಸೊನ್ನೆ ಬರೆದುಕೊಂಡು ನನ್ನ ಕಾಲ ಹತ್ತಿರವೇ ಕೂತಳು.

ಅಷ್ಟರಲ್ಲಿ ಮೇಡಂ ಬಂದು ಎಲ್ಲರಿಗೂ ಕೇಳುವಂತೆ, “ನೋಡ್ರಪ್ಪಾ, ಇವಳಿಗೆ ಗೋಡಂಬಿ ಆಗಲ್ಲ. ಒಂದು ಚೂರೂ ಆಗಲ್ಲ. ನನ್ನ ಕೇಳ್ದೆ ಏನೂ ಕೊಡ್ಬೇಡಿ” ಅಂದರು. ನನಗೆ ಕಡಲೆಕಾಯಿ ಆಗಲ್ಲ ಮೇಡಂ, ಪೆನ್ ಯಾವಾಗಲೂ ಬ್ಯಾಗಿನಲ್ಲೇ ಇರುತ್ತೆ ಅಂದೆ. ಅವರ ಮುಖ ಅರಳಿತು. “ಅಯ್ಯೋ, ಹಾಗಾದ್ರೆ ನೀನೇ ಇವಳ ಬಾಡಿಗಾರ್ಡ್ ಕಣೇ! ನಿಂಗೆ ನಾನೇನು ಹೇಳ್ಕೊಡೋದು” ಅಂದರು. ಅಮ್ಮಾ, ಈ ಊರಿಗೆ ಬಂದ ಮೇಲೆ ಯಾರಾದರೂ ನನ್ನನ್ನು ನಂಬಿ ಏನನ್ನಾದರೂ ಒಪ್ಪಿಸಿದ್ದು ಅದೇ ಮೊದಲು.

ಆಮೇಲೆ ಯಾರೋ ಅವಳಿಗೆ ಒಂದು ಬಿಸ್ಕತ್ ಕೊಟ್ಟರು.

ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, “ಬಾಯೆಲ್ಲ ಚುಚ್ಚತ್ತೆ” ಅಂದಳು. ತುಟಿ ಊದಿತು, ಕತ್ತಿನ ಮೇಲೆ ಕೆಂಪು ದದ್ದು ಎದ್ದಿತು. ಮೇಡಂ ಸಿರಪ್ ತರಲು ಓಡಿದರು. ಒಬ್ಬಳು ಖಾರ ಆಗಿರ್ಬೇಕು, ಸಕ್ಕರೆ ಹಾಕಿ ಅಂದಳು. ಇನ್ನೊಬ್ಬ ಬಾತ್‌ರೂಮಿಗೆ ನಡೆಸಿಕೊಂಡು ಹೋಗಿ ವಾಂತಿ ಮಾಡಿಸಿ ಅಂತ ಅವಳ ಕೈ ಹಿಡಿದು ಎಳೆದ. ಆಗ ಅವಳು ಕೆಮ್ಮಿದಳು. ಒಣಗಿದ, ಬೊಗಳಿದಂಥ ಕೆಮ್ಮು. ಆ ಕೆಮ್ಮು ನನಗೆ ಗೊತ್ತು. ಇಷ್ಟು ವರ್ಷ ಅದನ್ನು ಒಳಗಿನಿಂದ ಕೇಳಿದ್ದೆ, ಹೊರಗಿನಿಂದ ಕೇಳಿದ್ದು ನಿನ್ನೆಯೇ. ನಿನಗೆ ಪ್ರತಿಸಲ ಹೇಗಾಗುತ್ತಿತ್ತು ಅಂತ ನಿನ್ನೆ ಗೊತ್ತಾಯಿತು.

“ನಡೆಸ್ಬೇಡಿ! ಕೂರಿಸಿ!” ಅಂತ ಕಿರುಚಿದೆ. ಮೂರು ತಿಂಗಳಿಂದ ನನ್ನ ದನಿಯನ್ನೇ ಕೇಳದವರು ಹದಿಮೂರು ಜನ ಒಟ್ಟಿಗೆ ತಿರುಗಿ ನೋಡಿದರು. ಅವಳ ಪೆನ್ ಎಲ್ಲಿ ಅಂದರೆ ಸ್ಕೂಲ್ ಬ್ಯಾಗಿನಲ್ಲಿ, ಬ್ಯಾಗ್ ಎಲ್ಲಿ ಅಂದರೆ ಅಜ್ಜಿ ಮನೆಯಲ್ಲಿ. ನನ್ನದು ದೊಡ್ಡವರ ಡೋಸ್. ಆಂಬುಲೆನ್ಸಿಗೆ ಫೋನ್ ಮಾಡಿಸಿ ಸ್ಪೀಕರಿಗೆ ಹಾಕಿಸಿದೆ. ಆ ಕಡೆಯ ಹೆಂಗಸು ವಯಸ್ಸು, ತೂಕ, ಉಸಿರು ಎಲ್ಲ ಕೇಳಿ, “ಇರೋದನ್ನೇ ಹಾಕಿ, ತಡ ಮಾಡ್ಬೇಡಿ” ಅಂದರು. ಅವಳನ್ನು ಮೇಡಂ ಮಡಿಲಲ್ಲಿ ಒರಗಿಸಿ, ಕಾಲು ಅಲುಗದ ಹಾಗೆ ಹಿಡಿಸಿ, ಬಟ್ಟೆಯ ಮೇಲಿಂದಲೇ ತೊಡೆಯ ಹೊರಬದಿಗೆ ಒತ್ತಿದೆ.

ಕಿತ್ತಳೆ ಹಣ್ಣು ನೆನಪಿದೆಯಾ ಅಮ್ಮಾ? ನನ್ನನ್ನು ಮೊದಲ ಸಲ ಹಾಸ್ಟೆಲಿಗೆ ಬಿಡುವ ಮುಂಚಿನ ವಾರ ನೀನು ಅವಧಿ ಮುಗಿದ ಪೆನ್ನುಗಳನ್ನೆಲ್ಲ ಒಟ್ಟು ಹಾಕಿ, ನನ್ನ ಕೈಯಲ್ಲಿ ಕಿತ್ತಳೆ ಹಣ್ಣಿಗೆ ಚುಚ್ಚಿಸಿದ್ದೆ. ನಾನು ಗಾಬರಿಯಲ್ಲಿ ಬೇಗ ಕಿತ್ತುಬಿಡುತ್ತೇನೆ ಅಂತ, “ಒಂದು ಬಂಗಾರಿ, ಎರಡು ಬಂಗಾರಿ” ಅಂತ ನೀನು ಹತ್ತರವರೆಗೆ ಎಣಿಸುತ್ತಿದ್ದೆ. ನಿನ್ನೆ ನಾನೂ ಹಾಗೇ ಎಣಿಸಿದೆ, ಜೋರಾಗಿ, ಅಷ್ಟೂ ಜನರ ಮುಂದೆ. ಏಳು ಬಂಗಾರಿಯ ಹೊತ್ತಿಗೆ ಮೇಡಂ ಅಳುತ್ತಲೇ ನನ್ನ ಜೊತೆ ಎಣಿಸುತ್ತಿದ್ದರು.

ಐದಾರು ನಿಮಿಷಕ್ಕೆ ಉಸಿರು ಸಲೀಸಾಯಿತು. ಆಂಬುಲೆನ್ಸ್ ಬರುವ ಹೊತ್ತಿಗೆ ಅವಳು ಸಣ್ಣ ದನಿಯಲ್ಲಿ ಡೈರಿ ಕೇಳುತ್ತಿದ್ದಳು. ಇಂಜೆಕ್ಷನ್ ಹಾಕಿದ ಹೊತ್ತನ್ನು ನಾನು ಅದರಲ್ಲೇ, ಆ ಸೊನ್ನೆಯ ಕೆಳಗೆ ಬರೆದಿಟ್ಟಿದ್ದೆ. ನಾಲ್ಕು ನಲವತ್ತೆರಡು.

ಹೊರಡುವ ಗಡಿಬಿಡಿಯಲ್ಲೇ ಎಲ್ಲರೂ, ಮಗುವಿಗೆ ಗೋಡಂಬಿಯದೇನೋ ಕೊಟ್ಟಿದ್ದು ಆಕೆಯೇ ಅಂತ, ಅಡುಗೆಗೆ ಬರುವ ಅಕ್ಕನ ಮೇಲೆ ಹರಿಹಾಯ್ದರು. ಆಕೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತ, “ನಾನು ಕೊಟ್ಟಿಲ್ಲಮ್ಮ, ನನ್ನ ಮಕ್ಕಳಾಣೆಗೂ ಕೊಟ್ಟಿಲ್ಲ” ಅನ್ನುತ್ತಿದ್ದರು. ಮೇಡಂ ಆಕೆಯ ಮುಖ ನೋಡದೆ, “ನಾಳೆಯಿಂದ ಬರ್ಬೇಡಿ” ಅಂದರು. ನನ್ನ ಬೆನ್ನು ಸವರಿ, ನೀನಿಲ್ಲದಿದ್ರೆ ನನ್ನ ಮಗು ಉಳೀತಿರ್ಲಿಲ್ಲ ಅಂದರು.

ಮಗು ಚೆನ್ನಾಗಿದೆ. ಆಸ್ಪತ್ರೆಯಲ್ಲಿ ಒಂದು ದಿನ ನೋಡಿಕೊಂಡು ಕಳಿಸುತ್ತಾರಂತೆ. ನಿನ್ನೆ ನಾನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಕ್ಲಾಸಿನವರು ಗುಂಪಾಗಿ ಬಂದು, ಸೂಪರ್ ಕಣೇ ಅಂತ ಭುಜ ತಟ್ಟಿ, ಗುಂಪಾಗಿಯೇ ಹೋದರು. ಆಮೇಲೆ ಡಾಕ್ಟರು ಬಂದು ಖಾಲಿ ಪೆನ್ ತೋರಿಸಿ, ಇದು ನಿಮ್ಮದಾ, ಇನ್ನೊಂದಿದೆಯಾ ಅಂತ ಕೇಳಿದರು. ಇಲ್ಲ ಅಂದೆ. “ನಿಮಗೇನಾದ್ರೂ ಆದ್ರೆ ಹಾಕೋರು ಯಾರು?” ಅಂದರು. ರೂಮ್‌ಮೇಟ್ ಅಂದೆ, ಬಾಯಿಗೆ ರೂಢಿಯಾಗಿಬಿಟ್ಟಿದೆಯಲ್ಲ. ಅವರ ನಂಬರ್ ಹೇಳಿ, ಬರ್ಕೋತೀನಿ ಅಂದರು.

ಅಮ್ಮಾ, ಚಷ್ಮಾ ಅಂತ ನನಗೆ ರೂಮ್‌ಮೇಟ್ ಯಾರೂ ಇಲ್ಲ.

ಈ ರೂಮಿನ ಇನ್ನೊಂದು ಮಂಚದ ಮೇಲೆ ಹಾಸಿಗೆಯೇ ಇಲ್ಲ, ನನ್ನ ಸೂಟ್‌ಕೇಸ್ ಮಲಗಿದೆ. ಪೆನ್ ಹಾಕಲು ಕಲಿತವರು ಒಬ್ಬರಾದರೂ ಜೊತೆಗಿರಬೇಕು, ಇಲ್ಲದಿದ್ದರೆ ವಾಪಸ್ ಕರೆದುಕೊಂಡು ಹೋಗುತ್ತೇನೆ ಅಂದಿದ್ದೆಯಲ್ಲ, ಅದಕ್ಕೇ ಇಲ್ಲಿಂದ ಬರೆದ ಮೊದಲ ಪತ್ರದಲ್ಲಿ ಅವಳನ್ನು ಹುಟ್ಟಿಸಿದೆ. ಎರಡನೇ ಪತ್ರದಲ್ಲಿ ಕನ್ನಡಕ ಹಾಕಿಸಿ ಆ ಹೆಸರಿಟ್ಟೆ. ಮೂರನೆಯದರಲ್ಲಿ ಅವಳಿಗೆ ಚಳಿ ಜಾಸ್ತಿ ಅಂತ ಬರೆದೆ, ನೀನು ನನ್ನದರ ಜೊತೆ ಅವಳಿಗೂ ಒಂದು ಸ್ವೆಟರ್ ಹೆಣೆದು ಕಳಿಸಿಬಿಟ್ಟೆ. ಎರಡನ್ನೂ ನಾನೇ ಹಾಕಿಕೊಳ್ಳುತ್ತೇನೆ, ಒಂದು ದಿನ ನನ್ನದು, ಒಂದು ದಿನ ಅವಳದು. ಅವಳದೇ ಬೆಚ್ಚಗಿದೆ.

ನನ್ನನ್ನು ಕರೆದುಕೊಂಡು ಹೋಗಲು ಬರಬೇಡ. ಪೆನ್ ಕಳಿಸು, ಎರಡು. ಅದು ಬರುವ ತನಕ ಹಾಲು, ಹಣ್ಣು ಬಿಟ್ಟು ಏನೂ ಮುಟ್ಟುವುದಿಲ್ಲ. ಹದಿನೈದನೇ ರೂಮಿನಲ್ಲಿ ಒಬ್ಬಳಿದ್ದಾಳೆ, ಬಟ್ಟೆ ಒಗೆಯುವಾಗ ಹಾಡಿಕೊಳ್ಳುತ್ತಾಳೆ. ಬಾಗಿಲು ತಟ್ಟಿ ಏನಂತ ಮಾತು ಶುರು ಮಾಡಬೇಕು, ಬರೆದು ತಿಳಿಸು.

ಇಂತಿ, ಸದ್ಯಕ್ಕೆ ಹಾಲು ಕುಡಿದುಕೊಂಡು ಕ್ಷೇಮವಾಗಿರುವ
ನಿನ್ನ ಬಂಗಾರಿ

ತಾ. ಕ.: ಯಾರೋ ಬಿಸ್ಕತ್ ಕೊಟ್ಟರು ಅಂತ ಬರೆದೆನಲ್ಲ, ಆ ಯಾರೋ ನಾನೇ. ಇನ್ಸ್‌ಪೆಕ್ಟರ್ ವಿಚಾರಣೆ ಮುಗಿಸಿ ಏಳುತ್ತಿದ್ದಳು. ಇನ್ನೊಂದೈದು ನಿಮಿಷ ನನ್ನ ಪಕ್ಕ ಕೂತಿರಲಿ ಅನ್ನಿಸಿತು. ಕ್ಲಾಸಿನವರು ಯಾರೋ ತಂದಿದ್ದ ಪ್ಯಾಕೆಟ್ ಮೇಜಿನ ಮೇಲಿತ್ತು. ತೆಗೆದು, ಹಿಂದೆ ತಿರುಗಿಸಿ ಓದಿದೆ. ಓದಿದೆ ಅಮ್ಮಾ, ನಿನ್ನಾಣೆ. ಆದರೆ ಇಷ್ಟು ವರ್ಷ ಪ್ಯಾಕೆಟ್ಟಿನ ಹಿಂದೆ ನನ್ನ ಕಣ್ಣು ಹುಡುಕಿದ್ದು ಒಂದೇ ಪದ. ಕಡಲೆಕಾಯಿ ಇರಲಿಲ್ಲ. “ತಿನ್ನು, ನಾನು ನೋಡಿದೀನಿ” ಅಂದೆ. ಗೋಡಂಬಿ ಮೂರನೇ ಸಾಲಿನಲ್ಲೇ ಇದೆ. ಪ್ಯಾಕೆಟ್ ಈಗ ನನ್ನ ಬ್ಯಾಗಿನಲ್ಲಿದೆ, ಯಾರೂ ನೋಡದಾಗ ತುರುಕಿಕೊಂಡಿದ್ದೆ. ಈ ಪತ್ರವನ್ನು ಡಬ್ಬಿಗೆ ಹಾಕಿ, ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ, ಪ್ಯಾಕೆಟ್ ಮೇಡಂ ಕೈಗೆ ಕೊಟ್ಟು, ಅಡುಗೆಯ ಅಕ್ಕ ಅಲ್ಲ, ನಾನು ಅನ್ನುತ್ತೇನೆ. ಇನ್ನು ಅವರ ಮನೆಗೆ ನನ್ನನ್ನು ಕರೆಯಲಿಕ್ಕಿಲ್ಲ. ಅಲ್ಲಿ ಹೋಗಿ ಬಾಯಿ ಕಟ್ಟಿಹೋಗಬಾರದಲ್ಲ, ಅದಕ್ಕೇ ಮೊದಲು ನಿನಗೆ ಹೇಳಿ ನೋಡಿದೆ, ಕಿತ್ತಳೆ ಹಣ್ಣಿನ ಮೇಲೆ ಕಲಿತ ಹಾಗೆ.