ಕೆಂಪು ಸೋಡಾದ ಕೈ

ಸೈಫೋನ್ ಅಕ್ಕಾ,

ನೀನು ಲ್ಯಾಬ್ ಬಿಟ್ಟು ಎರಡು ವರ್ಷವಾಯಿತು. ನಿನ್ನ ಈಗಿನ ವಿಳಾಸ ಇಲ್ಲಿ ಹಾಟ್ ಯಾಯ್ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಬೆಳಿಗ್ಗೆ ಸಕ್ಕರೆ ಅಳೆಯುವ ಎಲೆಕ್ಟ್ರೋಡಿನ ಮೇಲೆ ಎಂಜೈಮ್ ಕೂರಿಸಿದೆ, ನೀನು ಕಲಿಸಿದ ಹಾಗೆಯೇ. ತೀರಾ ಬಿಗಿದರೆ ಅದು ಸತ್ತುಹೋಗುತ್ತದೆ, ಸಡಿಲ ಬಿಟ್ಟರೆ ತೊಳೆದುಹೋಗುತ್ತದೆ. ಸಕ್ಕರೆಯೇ ಇಲ್ಲದ ಬಫರ್ ನೀರಿನಲ್ಲಿ ಅದ್ದಿದಾಗ ಪರದೆಯ ಗೆರೆ ಸುಮ್ಮನಿರಬೇಕಿತ್ತು. ಸರ್ರನೆ ಮೇಲೆದ್ದಿತು. ನೀನು ಲ್ಯಾಬ್ ಬಿಡುವಂತಾದ ಆ ದಿನ ನಿನ್ನದೂ ಹೀಗೇ ಎದ್ದಿತ್ತು. "ರಿಸಲ್ಟ್ ಚೆನ್ನಾಗಿ ಬರ್ಲಿ ಅಂತ ಅಕ್ಕನೇ ಸಕ್ಕರೆ ಹಾಕಿದಾಳೆ" ಎಂದು ಎಲ್ಲರೆದುರು ಹೇಳಿದವಳು ನಾನು. "ನಾನು ಮುಟ್ಟಿಲ್ಲ ಕಣೇ" ಎಂದು ನೀನು ನನ್ನೊಬ್ಬಳಿಗೇ ಹೇಳಿದೆ.

ಬೆರಳು ಮೂಸಿದೆ. ಸ್ಟ್ರಾಬೆರಿ ವಾಸನೆ. ಪ್ರಯೋಗ ಕೈಕೊಡದಿರಲಿ ಎಂದು ಅಂಗಳದ ಕಾವಲುದೈವದ ಗುಡಿಗೆ ನೈವೇದ್ಯವಾಗಿ ಸಿಹಿ ಕೆಂಪು ಸೋಡಾ ಇಟ್ಟು, ಕೈ ತೊಳೆಯದೆ, ಕೈಗವಸೂ ಹಾಕದೆ ಬಫರ್ ಕಲಸಿದ್ದೆ. ಅವತ್ತೂ ಸೋಡಾ ಇಟ್ಟವಳು ನಾನೇ, ನಿನ್ನ ಪ್ರಯೋಗ ಗೆಲ್ಲಲೆಂದು. ಅವತ್ತಿನ ಬಫರ್ ಕೂಡ ನಾನೇ ಮಾಡಿಕೊಟ್ಟಿದ್ದು.

ಎಲ್ಲಿದ್ದೀಯೇ ನೀನು?

ಅಷ್ಟರಲ್ಲಿ ನಮ್ಮ ಮೇಷ್ಟ್ರು ಬಂದು ಗೆರೆ ನೋಡಿದರು. "ಏನಮ್ಮಾ ಪ್ಲೋಯ್, ಸೈಫೋನಳ ದೆವ್ವ ಇನ್ನೂ ಇಲ್ಲೇ ಸಕ್ಕರೆ ಹಾಕ್ತಾ ಕೂತಿದೆಯಾ?" ಎಂದರು. ಎಲ್ಲರೂ ನಕ್ಕರು.

ಹೇಳಿಯೇಬಿಡಬೇಕೆಂದು ನಾನು ಬಾಯಿ ತೆರೆದೆ, ಅಕ್ಕಾ. ಬಂದದ್ದು ನಗು.